ಹಬೆನೇರಿಯ ಗ್ರಾಂಡಿಫ್ಲೋರಿಫಾರ್ಮಿಸ್

ಹಬೆನೇರಿಯ ಗ್ರಾಂಡಿಫ್ಲೋರಿಫಾರ್ಮಿಸ್ ಆರ್ಕಿಡೇಸೀ ಕುಟುಂಬಕ್ಕೆ ಸೇರಿದ, ನೆಲದಲ್ಲಿ ಬೆಳೆಯುವ ಒಂದು ಪುಟ್ಟ ಗೆಡ್ಡೆಸಸ್ಯ. ಪಶ್ಚಿಮಘಟ್ಟದ ಹುಲ್ಲುಬಯಲುಗಳೂ ಜಂಬಿಟ್ಟಿಗೆ ಕಲ್ಲಿನ ಹಾಸುಗಳೂ ಇದರ ಮುಖ್ಯ ನೆಲೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಅಣಶಿ ಸೀಮೆಯೂ ಇಂಥ ನೆಲೆಗಳಲ್ಲೊಂದು. ಮುಂಗಾರಿನ ಮೊದಲ ಮಳೆಗೆ ಚಿಗುರುವ ಈ ಸಸ್ಯ ಆಷಾಢದ ಹೊತ್ತಿಗೆ ಹೂಬಿಡುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ನೆಲದ ಮೇಲಿಂದ ಪೂರ್ತಿಯಾಗಿ ಮರೆಯಾಗುತ್ತದೆ.

ಹೆಸರು

ಹಬೆನೇರಿಯ ಕುಲವನ್ನು ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಲುಡ್ವಿಗ್ ವಿಲ್ಡೆನೋ 1805ರಲ್ಲಿ ಸ್ಥಾಪಿಸಿದನು. ಲ್ಯಾಟಿನ್ ಭಾಷೆಯ ‘ಹಬೇನ’ ಎಂಬ ಮಾತಿಗೆ ಲಗಾಮು, ತೊಗಲಿನ ಪಟ್ಟಿ ಎಂದರ್ಥ. ಈ ಕುಲದ ಹೂಗಳಲ್ಲಿ ಪಟ್ಟಿಯಂತೆ ಇಳಿಬಿದ್ದಿರುವ ಭಾಗಗಳಿಂದ ಈ ಹೆಸರು ಬಂದಿದೆ. ಪ್ರಭೇದಕ್ಕೆ ಈಗಿರುವ ಹೆಸರನ್ನಿಟ್ಟವರು ಬ್ಲಾಟರ್ ಮತ್ತು ಮೆಕ್ಯಾನ್. ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತನ್ನು ಪರಿಷ್ಕರಿಸಿ ಬರೆದವರು ಇವರೇ. ಆಗ ಉತ್ತರ ಕನ್ನಡವೂ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಹಳೆಯ ಗ್ರಂಥಗಳಲ್ಲಿ ‘ಹಬೆನೇರಿಯ ರೊಟುಂಡಿಫೋಲಿಯ’, ಅಂದರೆ ದುಂಡೆಲೆಯದು, ಎಂಬ ಹೆಸರು ಕಾಣುತ್ತದೆ. ಗಿಡಕ್ಕಿಂತ ಉದ್ದವಾದ ಈಗಿನ ಹೆಸರಿಗಿಂತ ಅದೇ ಹೆಚ್ಚು ಅನ್ವರ್ಥವಾಗಿತ್ತು. ಮರಾಠಿಯಲ್ಲಿ ಇದು ‘ಆಷಾಢ ಹಬೇ ಆಮ್ರಿ’. ಮಲೆನಾಡಿನಲ್ಲಿ ಸೀತಾಳೆ ಎಂಬ ಮಾತು ಹೆಚ್ಚಾಗಿ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳಿಗೆ ಸಲ್ಲುತ್ತದೆ. ಈ ಗಿಡ ಮರವನ್ನು ಆಶ್ರಯಿಸುವುದಿಲ್ಲ.

ಲಕ್ಷಣಗಳು

ಸಾಮಾನ್ಯವಾಗಿ ಗಿಡಕ್ಕೊಂದೇ ಎಲೆ, ಅಪರೂಪಕ್ಕೆ ಎರಡು. ಎಲೆ ದುಂಡಗೆ, ಬುಡದಲ್ಲಿ ಹೃದಯಾಕಾರವಾಗಿದ್ದು, ನೆಲಕ್ಕೆ ಅಂಟಿಸಿಟ್ಟಂತೆ ಮಲಗಿರುತ್ತದೆ. ಅದರ ನಡುವಿನಿಂದ ಗೇಣುದ್ದದ ಹೂಕಾಂಡ ಎದ್ದು, ಕೆಲವೇ ಬಿಳಿ ಹೂಗಳನ್ನು ಹೊರುತ್ತದೆ. ಗಿಡದ ಗಾತ್ರಕ್ಕೆ ಹೂ ದೊಡ್ಡದು. ತುಟಿದಳ ಮೂರಾಗಿ ಸೀಳಿದ್ದು, ಅದರ ಹಿಂದೆ ಮಕರಂದದ ನಳಿಕೆ ಇಳಿಬಿದ್ದಿರುತ್ತದೆ. ಈ ಕುಲದ ಬಿಳಿ ಹೂಗಳಿಗೆ ಹೆಚ್ಚಾಗಿ ಉದ್ದ ಹೀರುನಾಳದ ಪತಂಗಗಳು ಬರುತ್ತವೆ. ಮಕರಂದ ಹೀರುವಾಗ ಪರಾಗಪಿಂಡಗಳು ಅವುಗಳ ತಲೆಯ ಭಾಗಕ್ಕೆ ಅಂಟಿಕೊಂಡು ಮತ್ತೊಂದು ಹೂವನ್ನು ಸೇರುತ್ತವೆ.

ವರ್ಷದ ಬಾಳು

ಈ ಸಸ್ಯದ ಆರೈಕೆಯನ್ನು ತಿಳಿಯಬೇಕಾದರೆ ಮೊದಲು ಅದರ ಗೆಡ್ಡೆಯನ್ನು ತಿಳಿಯಬೇಕು. ಮಳೆಗಾಲದಲ್ಲಿ ನೆಲದಡಿ ಎರಡು ಗೆಡ್ಡೆಗಳಿರುತ್ತವೆ. ಒಂದು ಕಳೆದ ವರ್ಷದ್ದು. ಎಲೆಯನ್ನೂ ಹೂವನ್ನೂ ಹೊರಡಿಸಿ ತಾನು ಬತ್ತುತ್ತ ಹೋಗುತ್ತದೆ. ಇನ್ನೊಂದು ಹೊಸದು, ಎಲೆ ತಯಾರಿಸಿದ ಆಹಾರ ಇದರಲ್ಲಿ ಸಂಗ್ರಹವಾಗುತ್ತದೆ. ಎಲೆ ಹಳದಿಯಾಗಿ ಒಣಗುವಷ್ಟರಲ್ಲಿ ಹಳೆಯ ಗೆಡ್ಡೆ ಕೊಳೆತು, ಹೊಸದೊಂದೇ ಉಳಿದು, ಮುಂದಿನ ಮುಂಗಾರಿನವರೆಗೆ ಒಣನೆಲದಲ್ಲಿ ಸುಪ್ತವಾಗಿರುತ್ತದೆ. ಬೇಸಗೆಯಲ್ಲಿ ಹುಲ್ಲು ಒಣಗಿದರೂ ಅದಕ್ಕೆ ಬಾಧೆಯಿಲ್ಲ.

ಹೂವಿನ ಕಾಲದಲ್ಲಿ ಕಿತ್ತ ಗಿಡ ಬಹುಮಟ್ಟಿಗೆ ಸಾಯುವುದಕ್ಕೆ ಕಾರಣ ಇದೇ. ಆಗ ಹಳೆಯ ಗೆಡ್ಡೆ ಬರಿದಾಗಿರುತ್ತದೆ, ಹೊಸದು ಬಲಿತಿರುವುದಿಲ್ಲ. ಮನೆಗೆ ತಂದ ಗಿಡ ನಾಲ್ಕು ದಿನ ಹೂವನ್ನು ಉಳಿಸಿಕೊಂಡು ನಂಬಿಕೆ ಹುಟ್ಟಿಸುತ್ತದೆ, ಮರುವರ್ಷ ಚಿಗುರುವುದಿಲ್ಲ. ಆ ಒಂದೇ ಎಲೆಯನ್ನು ತುಳಿದು ಹರಿದರೂ ಪರಿಣಾಮ ಹೆಚ್ಚು ಬೇರೆಯಲ್ಲ. ವರ್ಷದ ದುಡಿಮೆಯೆಲ್ಲ ಅದರದೇ.

ಕುಂಡದಲ್ಲಿ ಆರೈಕೆ

ಬೆಳೆಸಲು ಪ್ರಯೋಗಾಲಯದಲ್ಲಿ ಬೀಜದಿಂದ ಪಡೆದ ಗಿಡಗಳನ್ನೇ ಬಳಸಬೇಕು. ಸ್ವಂತ ಜಮೀನಿನಲ್ಲಿ ಮನೆಯನ್ನೋ ರಸ್ತೆಯನ್ನೋ ಮಾಡುವಾಗ ಅಳಿಯಲಿರುವ ಗಿಡವನ್ನು ಸ್ಥಳಾಂತರಿಸುವುದಾದರೆ, ಮಳೆಗಾಲದಲ್ಲೇ ಗುರುತಿನ ಕಡ್ಡಿ ನೆಟ್ಟಿಟ್ಟು, ಎಲೆ ಪೂರ್ತಿ ಒಣಗಿದ ಮೇಲೆ ಸುತ್ತಲಿನ ಮಣ್ಣಿನ ಹೆಂಟೆಯೊಂದಿಗೆ ಎತ್ತಬೇಕು. ಆ ಮಣ್ಣಿನಲ್ಲಿರುವ ಶಿಲೀಂಧ್ರವೂ ಗಿಡದ ಜೊತೆ ಬರಬೇಕು.

ಮಣ್ಣಿನ ಕುಂಡದ ತಳದಲ್ಲಿ ದೊಡ್ಡ ರಂಧ್ರವಿರಲಿ. ದಪ್ಪ ಮರಳು, ಜಂಬಿಟ್ಟಿಗೆಯ ಸಣ್ಣ ಹರಳು ಮತ್ತು ಚೆನ್ನಾಗಿ ಕಳಿತ ದರಕು ಸೇರಿದ, ನೀರು ಬೇಗ ಬಸಿಯುವ ಮಿಶ್ರಣ ತಕ್ಕದ್ದು. ಹಸಿ ಸಗಣಿ ಗೊಬ್ಬರ, ರಾಸಾಯನಿಕ ಗೊಬ್ಬರ ಎರಡೂ ಬೇಡ. ಗೆಡ್ಡೆಯನ್ನು ಎರಡು ಬೆರಳು ಆಳದಲ್ಲಿ ಮೊಳಕೆ ಮೇಲಾಗುವಂತೆ ಇಡಬೇಕು. ಮೊಳಕೆ ಕಂಡ ಮೇಲೆ ಮಾತ್ರ ನೀರು. ಮಳೆಯ ನೀರು ಉತ್ತಮ. ಬೆಳಗಿನ ಬಿಸಿಲು ಬೇಕು, ದಟ್ಟ ನೆರಳಿನಲ್ಲಿ ಗಿಡ ಸೊರಗುತ್ತದೆ. ಬಸವನಹುಳು ಮತ್ತು ಗೊಂಡೆಹುಳುಗಳು ಒಂದೇ ರಾತ್ರಿಯಲ್ಲಿ ಎಲೆಯನ್ನು ಮುಗಿಸಬಲ್ಲವಾದ್ದರಿಂದ ಸಂಜೆ ನೋಡಿ ತೆಗೆಯುವುದು ಅಗತ್ಯ.

ಎಲೆ ಹಳದಿಯಾಗತೊಡಗಿದಾಗ ನೀರನ್ನು ಕಡಿಮೆ ಮಾಡಿ, ಒಣಗಿದ ಮೇಲೆ ನಿಲ್ಲಿಸಬೇಕು. ಗಿಡ ಸತ್ತಿತೆಂದು ಕುಂಡವನ್ನು ಬರಿದು ಮಾಡುವುದು, ಇಲ್ಲವೇ ಕನಿಕರದಿಂದ ಬೇಸಗೆಯಲ್ಲಿ ನೀರೆರೆಯುವುದು, ಇವೆರಡೂ ಸಾಮಾನ್ಯ ತಪ್ಪುಗಳು. ಎರಡನೆಯದರಿಂದ ಗೆಡ್ಡೆ ಕೊಳೆಯುತ್ತದೆ. ಕುಂಡವನ್ನು ಇಲಿ ಮುಟ್ಟದಂತೆ, ಮಳೆ ತಾಗದಂತೆ ಮಾಡಿನಡಿ ಇಟ್ಟು ಜೂನ್‌ವರೆಗೆ ಮರೆತರೆ ಸಾಕು.

ಬೀಜ

ಕಾಯಿಯೊಳಗೆ ಧೂಳಿನಂಥ ಅಸಂಖ್ಯ ಬೀಜಗಳಿರುತ್ತವೆ. ಭತ್ತ, ಜೋಳಗಳ ಕಾಳಿನಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರದ ಗಂಟು ಇವುಗಳಲ್ಲಿ ಇರುವುದಿಲ್ಲ. ಮಣ್ಣಿನ ತಕ್ಕ ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಮೊಳೆಯುತ್ತವೆ. ಆರ್ಕಿಡ್‌ಗಳ ಈ ಗುಟ್ಟನ್ನು 1899ರಲ್ಲಿ ಕಂಡವನು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆತ ಅಗರ್ ಮಾಧ್ಯಮದಲ್ಲಿ ಆರ್ಕಿಡ್ ಬೀಜಗಳನ್ನು ಮೊಳೆಯಿಸಿ ತೋರಿಸಿದನು. ಮನೆಯ ಕುಂಡದಲ್ಲಿ ಬಿತ್ತಿ ಬೆಳೆಸುವುದು ಬಹುಮಟ್ಟಿಗೆ ಅಸಾಧ್ಯ. ತಾಯಿಗಿಡದ ಬುಡದಲ್ಲೇ ಬೀಜ ಉದುರಿಸಿ ಕಾಯುವುದೊಂದೇ ಹವ್ಯಾಸಿಗೆ ಉಳಿದ ದಾರಿ.

ರಕ್ಷಣೆ

ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ರೂಪುಗೊಂಡಿತು. ಈಗ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಲ್ಲಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಆದರೆ ಈ ಪ್ರಭೇದ ಬೆಳೆಯುವುದು ದಟ್ಟ ಕಾಡಿನ ನೆರಳಿನಲ್ಲಲ್ಲ, ಕಾಡಿನ ನಡುವಣ ತೆರವಿನಲ್ಲಿ. ಬೇಸಗೆಯಲ್ಲಿ ಬರಡಾಗಿ ಕಾಣುವ ಇಂಥ ನೆಲವನ್ನು ಕಲ್ಲು ತೆಗೆಯಲು, ವಾಹನ ನಿಲ್ಲಿಸಲು, ಸಸಿ ನೆಡಲು ಸುಲಭವಾಗಿ ಆರಿಸಿಕೊಳ್ಳಲಾಗುತ್ತದೆ. ಅಲ್ಲಿ ಗೆಡ್ಡೆಗಳಿವೆಯೆಂಬುದು ಜೂನ್ ಮತ್ತು ಜುಲೈ ತಿಂಗಳಲ್ಲಿ ನೋಡಿದವರಿಗೆ ಮಾತ್ರ ತಿಳಿಯುವುದರಿಂದ, ಸಸ್ಯಗಳ ಗಣತಿಯನ್ನು ಮಳೆಗಾಲದ ಆರಂಭದಲ್ಲೇ ಮಾಡಬೇಕಾಗುತ್ತದೆ.