ಬಂದೂಕು ಹಿಡಿದವರ ಚರಿತ್ರೆ ಇದೆ, ತಿದಿ ಹೊಲಿದವರದು ಎಲ್ಲಿದೆ?

 

ಸುರಪುರ ಅಂದ್ರೆ ನಮಗೆ 1858, ರಾಜಾ ವೆಂಕಟಪ್ಪ ನಾಯಕ. ಅದಕ್ಕಿಂತ ಒಂದೂವರೆ ಶತಮಾನ ಹಿಂದಕ್ಕೆ ಬನ್ನಿ. 1705ರ ಫೆಬ್ರವರಿಯಲ್ಲಿ ಔರಂಗಜೇಬ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡಾ ನುಂಗಿದ ಬಾದಶಹನಿಗೆ ಪಿಡ್ಡ ನಾಯಕನ ಈ ಕೋಟೆ ಎರಡೂವರೆ ತಿಂಗಳು ನೀರು ಕುಡಿಸಿತು. ಕೊನೆಗೆ ಕೋಟೆ ಸಿಕ್ಕಿತು, ಪಿಡ್ಡ ನಾಯಕ ಸಿಗಲಿಲ್ಲ. ಔರಂಗಜೇಬ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಬೇಡರನ್ನು ಕೀಳು ಜಾತಿ ಅಂತ ಹೀಯಾಳಿಸಿದ ಮೊಘಲ್ ಬರಹಗಾರರಿಗೂ ಅವರ ಬಂದೂಕಿನ ಗುರಿಯನ್ನು ಅಲ್ಲಗಳೆಯೋಕೆ ಆಗಲಿಲ್ಲ.

ಈ ದೇಶದಲ್ಲಿ ಸಾಮಾಜಿಕ ಕ್ರಾಂತಿ ಯಾಕೆ ಆಗಲಿಲ್ಲ ಅನ್ನೋ ಪ್ರಶ್ನೆಗೆ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಒಂದು ಕಾರಣ ಕೊಟ್ಟಿದ್ದಾರೆ: ಚಾತುರ್ವರ್ಣ್ಯವು ಕೆಳಗಿನವರ ಕೈಗೆ ಆಯುಧ ಸಿಗದಂತೆ ನೋಡಿಕೊಂಡಿತು. ಹಾಗಾದ್ರೆ ಆಯುಧ ಸಿಕ್ಕ ಕಡೆ ಏನಾಯ್ತು? ಸುರಪುರ ನನ್ನನ್ನು ಕಾಡೋದು ಇದಕ್ಕೇ.

ಮೊನ್ನೆ ಯಾದಗಿರಿಯಿಂದ ಶಹಾಪುರ ದಾಟಿ ಸುರಪುರದ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲೊಬ್ಬ ಕಂಬಾರ ಕಾಕಾ ಇದ್ದಾರೆ, ವಯಸ್ಸು ಎಪ್ಪತ್ತರ ಮೇಲೆ. ಹಿಂದಿನವರು ಬಂದೂಕು ಮಾಡ್ತಿದ್ದ ಮನೆತನ. ಈಗ ಅವರ ಕುಲುಮೆಯಲ್ಲಿ ಕುಡಗೋಲು, ಕೊಡಲಿ, ಕುಂಟೆಯ ಕುಡ ಮಾತ್ರ. ಬಂದೂಕು ಹೋಗಿದೆ, ಕೆಲಸದ ಮಾತು ಉಳಿದಿದೆ.

“ಕಬ್ಬಿಣದ ಪಟ್ಟಿ ಕಾಯಿಸಿ ಸಳಿ ಮ್ಯಾಲ ಸುತ್ತತಿದ್ರಂತ ತಮ್ಮಾ. ಬೆಸಗಿ ಒಂದ್ ಕಡೆ ಬಿಟ್ಟಿತಂದ್ರ ವೈರಿ ಸಾಯಂಗಿಲ್ಲ, ಹಾರಿಸಿದಾಂವನ ಸಾಯ್ತಾನ” ಅಂದ್ರು. ಬತ್ತಿ ಬಂದೂಕಿಗೆ ಉರಿಯೋ ಹಗ್ಗ ಬೇಕು, ಮಳೆ ಬಂದ್ರೆ ಮುಗೀತು. ಆಮೇಲೆ ಬಂದ ಚಕಮಕಿ ಬಂದೂಕಿಗೆ ಹಗ್ಗ ಬೇಡ. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿಯುತ್ತೆ, ಕಿಡಿ ಮದ್ದಿನ ಬಟ್ಟಲಿಗೆ ಬೀಳುತ್ತೆ.

ನಾನು ಕೇಳಿದೆ: “ಕಾಕಾ, ಬೆಂಕಿಗೆ ಗಾಳಿ ಊದೋ ತಿದಿ ಯಾರು ಮಾಡ್ತಿದ್ರು?”

“ಮಾದರು. ತೊಗಲು ಮತ್ಯಾರು ಮುಟ್ತಾರಪಾ?”

ಎಷ್ಟು ಸಲೀಸಾಗಿ ಹೇಳಿದ್ರು ನೋಡಿ. ತೊಗಲಿನ ತಿದಿ ಇಲ್ಲದೆ ಬೆಂಕಿ ಏಳಲ್ಲ, ಬೆಂಕಿ ಇಲ್ಲದೆ ನಳಿಗೆ ಇಲ್ಲ. ಸಿಪಾಯಿಯ ಸೊಂಟದ ಮದ್ದಿನ ಚೀಲ, ಗುಂಡಿನ ಚೀಲ, ಕಾಲಿನ ಕೆರವೂ ತೊಗಲಿನವೇ. ಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೀತಿದ್ದದ್ದು ದನದ ಕೊಟ್ಟಿಗೆ, ಹಳೇ ಗೋಡೆಗಳ ಮಣ್ಣು ಕೆರೆದು. ಇಂಥ ಕೆಲಸಕ್ಕೆ ಯಾವ ಕೈಗಳನ್ನು ಹಚ್ಚುತ್ತಿದ್ದರು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಮುಂದಿನ ಕತೆ ಗೊತ್ತಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೆ ಹಾಕಿದರು. 1858ರ ಫೆಬ್ರವರಿಯಲ್ಲಿ ಸುರಪುರ ಸಿಡಿಯಿತು, ಸೋತಿತು. ಮೇ ತಿಂಗಳಲ್ಲಿ ವೆಂಕಟಪ್ಪ ನಾಯಕ ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಹೋದ. ಸಂಸ್ಥಾನ ನಿಜಾಮನ ಪಾಲಾಯಿತು. ಅದೇ ಬ್ರಿಟಿಷರು ಕೊಡವರಿಗೆ ಮಾತ್ರ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು, ಅದು ಇವತ್ತಿಗೂ ಇದೆ. ಕೊಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಬ್ಬರ ಕೋವಿ ಸಂಪ್ರದಾಯ, ಇನ್ನೊಬ್ಬರ ಬಂದೂಕು ಅಪರಾಧ ಅಂತ ಬರೆದದ್ದು ಯಾರು, ಕೇಳಲೇಬೇಕು.

ಇನ್ನೊಂದು ಪ್ರಶ್ನೆ ನಮ್ಮೊಳಗಿನದು. ಬೇಡ ನಾಯಕರಿಗೆ ಬಂದೂಕು ರಾಜ್ಯ ಕೊಟ್ಟಿತು, ಮಾನ ಕೊಟ್ಟಿತು. ಇವತ್ತು ಪರಿಶಿಷ್ಟ ಪಂಗಡದಲ್ಲಿರುವ ಆ ಸಮುದಾಯದ ಈ ಚರಿತ್ರೆ ನಮಗೂ ಹೆಮ್ಮೆಯೇ. ಆದರೆ ಅದೇ ರಾಜ್ಯದಲ್ಲಿ ಹೊಲೇರು, ಮಾದರ ಕೇರಿ ಊರ ಹೊರಗೇ ಉಳೀತು. ಬಂದೂಕು ಬಾದಶಹನನ್ನು ತಡೀತು, ಕೇರಿಗೂ ಊರಿಗೂ ನಡುವಿನ ಗೋಡೆ ಕೆಡವಲಿಲ್ಲ. ಆ ಗೋಡೆ ಅಪರಾಧ ಅಂತ ಬರೆಯೋಕೆ ಸಂವಿಧಾನದ 17ನೇ ವಿಧಿವರೆಗೂ ಕಾಯಬೇಕಾಯ್ತು. ಬರೆದಾಯ್ತು, ಕೆಡವೋದು ಇನ್ನೂ ಬಾಕಿ.

ಆದ್ದರಿಂದ ಒಂದು ಕೆಲಸ ಮಾಡಿ. ಸುರಪುರ, ಶಹಾಪುರ, ಯಾದಗಿರಿಯ ನಮ್ಮ ಕೇರಿಗಳಲ್ಲಿ ಹಿರಿಯರು ಇನ್ನೂ ಇದ್ದಾರೆ. ತಿದಿ ಹೊಲಿದ ಮನೆ ಯಾವುದು, ಅರಮನೆಗೆ ಏನೇನು ಬಿಟ್ಟಿ ದುಡಿದರು, ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಡಿ. ಅವರು ಹೋದಮೇಲೆ ಇದನ್ನ ಹೇಳೋ ಗೆಜೆಟಿಯರ್ ಯಾವುದೂ ಇಲ್ಲ.

ಜೈ ಭೀಮ್.