ಕಡಲೆಕಾಯಿಯ ಅಣುವೂ ಗುಳೆ ಹೋದ ತಂತ್ರಾಂಶವೂ

ಸುಬ್ರಹ್ಮಣ್ಯಪುರದಿಂದ ಬಸವನಗುಡಿ ಪರಿಷೆಗೆ ಹೋಗಿ ಕಡಲೆಕಾಯಿ ತಂದಾಗಲೆಲ್ಲ ನನಗೆ ಅದರೊಳಗಿನ ಲೆಕ್ಟಿನ್ ಎಂಬ ಪ್ರೋಟೀನ್ ನೆನಪಾಗುತ್ತದೆ. ಅದರ ಮೂರು ಆಯಾಮದ ರಚನೆಯನ್ನು ಬಿಡಿಸಿದ್ದು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯ ಮತ್ತು ಸಂಗಡಿಗರು. ಪ್ರಕಟವಾದದ್ದು 1994ರಲ್ಲಿ. ಅಲ್ಲಿ ಅಣುಗಳ ಮಾದರಿ ಕಟ್ಟಲೆಂದೇ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಗ್ರಾಫಿಕ್ಸ್ ಕೇಂದ್ರವಿತ್ತು.

ಆ ಕಾಲದಲ್ಲಿ ಇಂಥ ಕೆಲಸಕ್ಕೆ ದೇಶದೇಶಗಳಲ್ಲಿ ಬಳಕೆಯಲ್ಲಿದ್ದ ತಂತ್ರಾಂಶ, ಆಲ್ವಿನ್ ಜೋನ್ಸ್ 1978ರಲ್ಲಿ ಪ್ರಕಟಿಸಿದ ಫ್ರೋಡೊ. ಪಾಪ, ಅದು ಯಂತ್ರದಿಂದ ಯಂತ್ರಕ್ಕೆ ಗುಳೆ ಹೋಗುತ್ತಲೇ ಇತ್ತು. ಇವಾನ್ಸ್ ಅಂಡ್ ಸದರ್‌ಲ್ಯಾಂಡ್ ಕಂಪನಿಯ ಪಿಎಸ್300ರಲ್ಲಿ ಚಿತ್ರವೆಂದರೆ ಬರೀ ಗೆರೆ. ಗುಂಡಿ ತಿರುವಿದರೆ ಅಣುವನ್ನು ತಿರುಗಿಸುತ್ತಿದ್ದದ್ದು ಆ ಯಂತ್ರವೇ, ಪಕ್ಕದ ವ್ಯಾಕ್ಸ್ ಕಂಪ್ಯೂಟರಿಗೆ ಅದರ ಗೊಡವೆಯಿಲ್ಲ. ಸಿಲಿಕಾನ್ ಗ್ರಾಫಿಕ್ಸ್‌ನ ಐರಿಸ್‌ಗೆ ಬಂದರೆ ಎಲ್ಲ ತಲೆಕೆಳಗು. ತೆರೆ ಚುಕ್ಕೆಗಳದ್ದು, ತಿರುಗಿಸಲು ಪ್ರೋಗ್ರಾಮೇ ಐರಿಸ್ ಜಿಎಲ್ ಅನ್ನು ಕರೆಯಬೇಕು. ಸುಮ್ಮನೆ ಮತ್ತೆ ಕಂಪೈಲ್ ಮಾಡಿದರೆ ಸಾಲದು, ಚಿತ್ರ ಬರೆಯುವ ಭಾಗವನ್ನೇ ಹೊಸದಾಗಿ ಬರೆಯಬೇಕು. 1992ರಲ್ಲಿ ಓಪನ್‌ಜಿಎಲ್ ಬಂದ ಮೇಲೆ ಐರಿಸ್ ಜಿಎಲ್ ನಂಬಿದವರಿಗೆ ಇನ್ನೊಂದು ಸುತ್ತು! ಹಳೇ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತಂದ ನಮಗೆ ಈ ಗೋಳು ಹೊಸದೇನಲ್ಲ ಬಿಡಿ :)

ಇಷ್ಟರಲ್ಲೂ ಪಾರಾಗಿ ಉಳಿದದ್ದು ಪ್ರತಿ ಪರಮಾಣುವಿನ ಎಕ್ಸ್, ವೈ, ಝಡ್ ಅಂಕಿಗಳು. ಸಾದಾ ಅಕ್ಷರಗಳ ಕಡತ, ಪಂಚ್ ಕಾರ್ಡಿನ ಹಾಗೆ ಸಾಲಿಗೆ 80 ಅಕ್ಷರ. ಐರಿಸ್ ವಂಶದ ಯಂತ್ರಗಳ ತಯಾರಿಕೆ 2006ರ ಕೊನೆಗೆ ನಿಂತಿತು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಪೀನಟ್ ಲೆಕ್ಟಿನ್ ಎಂದು ಹುಡುಕಿ ನೋಡಿ, ಬ್ರೌಸರಿನಲ್ಲೇ ತಿರುಗುತ್ತದೆ.