ಯಲಹಂಕ–ದೊಡ್ಡಬಳ್ಳಾಪುರ ಮಾರ್ಗ: ಒಂದು ಚಾರಿತ್ರಿಕ ಪರಿಶೀಲನೆ

ಬೆಂಗಳೂರಿನ ಉತ್ತರದ ಉಪನಗರವಾದ ಯಲಹಂಕದಲ್ಲಿ ಬಳ್ಳಾರಿ ರಸ್ತೆಯಿಂದ ಕವಲೊಡೆದು, ಸಿಂಗನಾಯಕನಹಳ್ಳಿ, ರಾಜಾನುಕುಂಟೆ, ಮಾರಸಂದ್ರಗಳನ್ನು ಹಾಯ್ದು ದೊಡ್ಡಬಳ್ಳಾಪುರವನ್ನು ಸೇರಿ, ಅಲ್ಲಿಂದ ಮಾಕಳಿದುರ್ಗದ ಬೆಟ್ಟಸಾಲನ್ನು ಬಳಸಿ, ತೊಂಡೇಭಾವಿಯ ಆಸುಪಾಸಿನಲ್ಲಿ ಸಾಗಿ ಗೌರಿಬಿದನೂರಿಗಿಳಿದು, ಕಡೆಗೆ ಹಿಂದೂಪುರದ ದಿಕ್ಕಿನಲ್ಲಿ ಆಂಧ್ರದ ಗಡಿಯನ್ನು ಮುಟ್ಟುವ ಮಾರ್ಗವು ರಾಜ್ಯ ಹೆದ್ದಾರಿ 9 ಎಂಬ ಸಂಖ್ಯೆಯನ್ನು ಧರಿಸಿದೆ. ಯಲಹಂಕದಿಂದ ಗಡಿಯವರೆಗೆ ಇದರ ದೈರ್ಘ್ಯ ಸುಮಾರು 74 ಕಿಲೋಮೀಟರು. ಒಂದೇ ಸಂಖ್ಯೆಯಿರುವುದರಿಂದ ಇದು ಬೆಂಗಳೂರಿನಲ್ಲಿ ಹುಟ್ಟಿ ಉತ್ತರಕ್ಕೆ ಹರಿದ ಒಂದೇ ರಸ್ತೆಯೆಂಬ ಭಾವನೆ ಸಹಜವಾಗಿ ಮೂಡುವುದಾದರೂ, ಪ್ರದೇಶದ ರಾಜಕೀಯ ಚರಿತ್ರೆಯನ್ನೂ ಜಲವಿಭಾಗವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ದೊಡ್ಡಬಳ್ಳಾಪುರದಲ್ಲಿ ಬೆಸುಗೆಗೊಂಡ ಎರಡು ಬೇರೆ ಬೇರೆ ದಾರಿಗಳು ಇಲ್ಲಿ ಅಡಗಿವೆಯೆಂದೂ, ರಾಜಧಾನಿಯ ಆಕರ್ಷಣೆಯು ಇವುಗಳ ಮೇಲೆ ಬಿದ್ದದ್ದು ತೀರ ಈಚೆಗೆಂದೂ ತೋರುತ್ತದೆ.

ದಕ್ಷಿಣದ ತುಂಡಿನ ಪ್ರಾಚೀನತೆ ನಿರ್ವಿವಾದವಾದುದು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡನು ಯಲಹಂಕ ನಾಡಪ್ರಭುಗಳ ವಂಶದವನಾದುದರಿಂದ, ಹೊಸ ಪೇಟೆಗೂ ಹಳೆಯ ನೆಲೆಗೂ ನಡುವಣ ದಾರಿಯು ಪೇಟೆಯಷ್ಟೇ ಹಳೆಯದು. ಈಗಿನ ಮೈಸೂರು ಬ್ಯಾಂಕ್ ವೃತ್ತದ ಬಳಿ ನಿಂತಿದ್ದ ಯಲಹಂಕ ದಿಡ್ಡಿಬಾಗಿಲು, ಅದರಿಂದ ಕೋಟೆಯ ಕಡೆಗೆ ನೇರವಾಗಿ ಹೊರಟ ದೊಡ್ಡಪೇಟೆ, ಇವೆರಡೂ ಊರಿನ ರಚನೆಯಲ್ಲಿ ಆ ದಾರಿಗಿದ್ದ ಪ್ರಾಧಾನ್ಯವನ್ನು ಸಾರುತ್ತವೆ.

ದೊಡ್ಡಬಳ್ಳಾಪುರದ ಕಥೆಯೇ ಬೇರೆ. 1687ರಲ್ಲಿ ಮೊಗಲರ ಸೇನಾನಿ ಖಾಸಿಂಖಾನನು ಈ ಪ್ರಾಂತವನ್ನು ವಶಪಡಿಸಿಕೊಂಡು ಶಿರಾವನ್ನು ಮುಖ್ಯಸ್ಥಾನವಾಗಿ ಮಾಡಿಕೊಂಡಾಗ, ಅದಕ್ಕೆ ಸೇರಿದ ಏಳು ಪರಗಣಗಳಲ್ಲಿ ಪೆನುಗೊಂಡೆ, ಹೊಸಕೋಟೆ, ಕೋಲಾರಗಳೊಡನೆ ದೊಡ್ಡಬಳ್ಳಾಪುರವೂ ಒಂದಾಯಿತು. ಬೆಂಗಳೂರಾದರೋ ಕೆಲವೇ ವರ್ಷಗಳಲ್ಲಿ, ಮೂರು ಲಕ್ಷ ರೂಪಾಯಿಗಳಿಗೆಂದು ಪ್ರತೀತಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಅಂದರೆ ಇಂದು ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ದಾಟುವ ಎರಡು ಊರುಗಳು ಸುಮಾರು ಎಪ್ಪತ್ತು ವರ್ಷಕಾಲ ಎರಡು ಪ್ರಭುತ್ವಗಳಿಗೆ ಸೇರಿದ್ದು, ದೊಡ್ಡಬಳ್ಳಾಪುರದ ಕಂದಾಯವೂ ಕುದುರೆ ಸವಾರರೂ ದಕ್ಷಿಣಕ್ಕೆ ಮುಖಮಾಡದೆ ಶಿರಾದ ಕಡೆಗೆ ಹೋಗುತ್ತಿದ್ದವು. ಶಿರಾ ಪ್ರಾಂತದ ಸೇವೆಯಲ್ಲಿದ್ದ ಫತೇ ಮಹಮ್ಮದನು ಯುದ್ಧದಲ್ಲಿ ಮಡಿದ ಬಳಿಕ ಅವನ ಎಳೆಯ ಮಕ್ಕಳನ್ನು ಹಣಕ್ಕಾಗಿ ಪೀಡಿಸಿದವನು ದೊಡ್ಡಬಳ್ಳಾಪುರದ ಜಹಗೀರಿನ ಅಬ್ಬಾಸ್ ಕುಲಿಖಾನನೇ. ಆ ಮಕ್ಕಳಲ್ಲಿ ಕಿರಿಯನಾದ ಹೈದರನು 1761ರ ಸುಮಾರಿಗೆ ಮೈಸೂರಿನ ಸೈನ್ಯದೊಡನೆ ಬಂದಾಗ ಖಾನನು ಮದರಾಸಿಗೆ ಪಲಾಯನ ಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ಈ ವೈಯಕ್ತಿಕ ವೈರದ ಕಥೆ ಎಷ್ಟೇ ರಂಜಕವಾಗಿರಲಿ, ಮಾರ್ಗದ ಚರಿತ್ರೆಗೆ ಮುಖ್ಯವಾದುದು ಅದರ ಪರಿಣಾಮ: ಗಡಿ ಅಳಿದು, ಉತ್ತರದ ದಾರಿಯೂ ದಕ್ಷಿಣದ ದಾರಿಯೂ ಸ್ಥಿರವಾಗಿ ಒಂದೇ ಆಡಳಿತಕ್ಕೆ ಒಳಪಟ್ಟವು.

ಮಾರ್ಕ್ ಕಬ್ಬನ್ನನ ಕಮಿಷನರ್‌ಗಿರಿಯ ಕಾಲದ ರಸ್ತೆ ನಿರ್ಮಾಣ, 1856ರಲ್ಲಿ ಲೋಕೋಪಯೋಗಿ ಇಲಾಖೆಯ ಸ್ಥಾಪನೆ, ಇವು ಮೈಸೂರು ಸಂಸ್ಥಾನದ ಎಲ್ಲ ರಸ್ತೆಗಳಿಗೂ ಸಮಾನವಾದ ಪ್ರಕರಣಗಳಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಾಕಿದ ಹಿಂದೂಪುರದ ಮೀಟರ್ ಗೇಜ್ ರೈಲುದಾರಿಯು ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರುಗಳೆಂಬ ಇದೇ ಸಾಲನ್ನು ಅನುಸರಿಸಿತೆಂಬುದು ಗಮನಾರ್ಹ. ಇದಕ್ಕೆ ಕಾರಣ ನೆಲದಲ್ಲಿಯೇ ಇದೆ.

ನಂದಿ ಬೆಟ್ಟಸಾಲಿನ ಪಶ್ಚಿಮಪಾದವನ್ನು ಸುತ್ತುವ ಈ ಮಾರ್ಗವು, ಆ ಸಾಲಿನಲ್ಲಿಯೇ ಉಗಮಿಸುವ ಮೂರು ನದಿಗಳ ಜಲಾನಯನಗಳನ್ನು ಕ್ರಮವಾಗಿ ಪ್ರವೇಶಿಸುತ್ತದೆ. ಯಲಹಂಕದ ಕೆರೆಯ ನೀರು ಜಕ್ಕೂರಿನ ಕಡೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ರಾಜಾನುಕುಂಟೆಯ ಬಳಿ ನೆಲದ ಇಳಿಜಾರು ಅರ್ಕಾವತಿಯ ಕಡೆಗೆ ತಿರುಗುತ್ತದೆ. ಮಾಕಳಿಯನ್ನು ದಾಟಿದೊಡನೆ ಅರ್ಕಾವತಿ ಸೇರುವ ಕಾವೇರಿಯ ಸೀಮೆ ಮುಗಿದು ಉತ್ತರ ಪಿನಾಕಿನಿಯ ಸೀಮೆ ಮೊದಲಾಗಿ, ಬೆಂಗಳೂರಿನಲ್ಲಿ 900 ಮೀಟರಿಗೂ ಮೇಲಿದ್ದ ನೆಲವು ಗೌರಿಬಿದನೂರಿನ ವೇಳೆಗೆ ಸುಮಾರು 700 ಮೀಟರಿಗೆ ಇಳಿಯುತ್ತದೆ. ಬೆಟ್ಟದ ನೆತ್ತಿಯನ್ನೂ ನದಿಯ ಕೊಳ್ಳವನ್ನೂ ಸಾಧ್ಯವಾದಷ್ಟು ಬಿಟ್ಟು, ದಿಣ್ಣೆಯ ಮೇಲೆಯೇ ನಡೆಯಬೇಕೆಂಬ ಗಾಡಿಯವನ ವಿವೇಕಕ್ಕೂ ರೈಲ್ವೆ ಇಂಜಿನಿಯರನ ವಿವೇಕಕ್ಕೂ ಇಲ್ಲಿ ಭೇದವಿರಲಿಲ್ಲ. ಈ ಮಾರ್ಗದ ಸಮೀಪದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ ರೈತರಿಗೂ ದಾರಿಯ ಕೆರೆಯಂಗಳಗಳೇ ತಂಗುದಾಣಗಳು.

ನಗರವು ಈ ದಾರಿಯ ಕಡೆಗೆ ಮೊದಲು ಕೈಚಾಚಿದ್ದು ನಿವೇಶನಕ್ಕಾಗಿ ಅಲ್ಲ, ನೀರಿಗಾಗಿ. ರಾಜಾನುಕುಂಟೆಯ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದಿತು. ಅದು ಸಾಲದೆ ಹೋದಾಗ ಅದೇ ನದಿಯ ಕೆಳಭಾಗದ ತಿಪ್ಪಗೊಂಡನಹಳ್ಳಿಯ ಜಲಾಶಯವು 1933ರಲ್ಲಿ ಸಿದ್ಧವಾಯಿತು. ಅನಂತರದ ಅರ್ಧ ಶತಮಾನದಲ್ಲಿ ಯಲಹಂಕದ ಉಪನಗರವೂ, 1984ರಲ್ಲಿ ರೈಲ್ವೆಯ ಗಾಲಿ ಕಾರ್ಖಾನೆಯೂ, ದೊಡ್ಡಬಳ್ಳಾಪುರದ ರೇಷ್ಮೆ ಮಗ್ಗಗಳ ನೆರೆಯಲ್ಲಿ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶವೂ ಮೈದಳೆದವು. 2007ರಲ್ಲಿ ಯಲಹಂಕವು ಬೃಹತ್ ಮಹಾನಗರ ಪಾಲಿಕೆಗೆ ಸೇರಿತು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಯಾವ ಜಲಾನಯನದಿಂದ ನಗರವು ನೀರು ಕುಡಿದಿತ್ತೋ ಅದರೊಳಕ್ಕೆ ಬಡಾವಣೆಗಳು ಹೆದ್ದಾರಿಗುಂಟ ಏರುತ್ತ ಹೋದುವು; ಕೊಳವೆಬಾವಿ, ನೀಲಗಿರಿ ತೋಪು, ಮುಚ್ಚಿದ ರಾಜಕಾಲುವೆ, ಇವೆಲ್ಲ ಕೂಡಿ ಅರ್ಕಾವತಿಯ ಹರಿವು ಕ್ಷೀಣಿಸಿತು. ತಿಪ್ಪಗೊಂಡನಹಳ್ಳಿಯ ಜಲಾನಯನದಲ್ಲಿ ಕಟ್ಟಡಗಳಿಗೆ ನಿರ್ಬಂಧ ವಿಧಿಸಿ ಸರ್ಕಾರವು 2003ರಲ್ಲಿ ಹೊರಡಿಸಿದ ಆಜ್ಞೆಯು, ಈ ಲೇಖಕನ ಅಭಿಪ್ರಾಯದಲ್ಲಿ, ಬಹಳ ತಡವಾಗಿ ಬಂದ ವಿವೇಕ.

ಮಾಕಳಿಯ ಆಚೆಗೆ ಉಪನಗರದ ಲಕ್ಷಣಗಳು ತಟ್ಟನೆ ವಿರಳವಾಗುತ್ತವೆ. ಅಲ್ಲಿನ ಚರಿತ್ರೆಯ ಪ್ರಧಾನ ಘಟನೆ ನಗರಕ್ಕೆ ಸಂಬಂಧಿಸಿದುದಲ್ಲ: ಗೌರಿಬಿದನೂರಿನಿಂದ ಮುಂದೆ, ಹೆದ್ದಾರಿಗೆ ಸಮೀಪವಾದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅದರ ಫಲವಾಗಿ ಕಾಂಗ್ರೆಸ್ಸಿಗೂ ಮೈಸೂರು ಸರ್ಕಾರಕ್ಕೂ ನಡುವೆ ಆದ ಪಟೇಲ್–ಮಿರ್ಜಾ ಒಪ್ಪಂದವು ಸಂಸ್ಥಾನದ ರಾಜಕೀಯವನ್ನೇ ಬೇರೆ ದಾರಿಗೆ ತಿರುಗಿಸಿತು.

ಈಚೆಗೆ ಹೆದ್ದಾರಿ ಅಗಲವಾಗಿ ಸುಂಕದ ರಸ್ತೆಯಾಗಿದೆ. ಮಾರಸಂದ್ರದಲ್ಲಿ ಟೋಲ್ ಕಟ್ಟೆ ನಿಂತಿದೆ. ಇದಕ್ಕಿಂತ ಗಮನಾರ್ಹವಾದುದು ದಾಬಸ್‌ಪೇಟೆ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಹೊರವರ್ತುಲ ಮಾರ್ಗವು ದೊಡ್ಡಬಳ್ಳಾಪುರದಲ್ಲಿ ಇದನ್ನು ಅಡ್ಡಹಾಯುವುದು. ತುಮಕೂರಿನ ಕಡೆಯ ಲಾರಿಗಳು ಈಗ ಬೆಂಗಳೂರನ್ನು ಹೊಗದೆಯೇ ಇಲ್ಲಿಂದ ಹೊಸಕೋಟೆಗೂ ಕೋಲಾರಕ್ಕೂ ಹೊರಟುಹೋಗುತ್ತವೆ.